ಬಿಡಾರಕ್ಕೆ ಕೇಳಿದ ಹೂ

ಹುಲುಗಪ್ಪ, ಆ ದಿನ ಕುರುಗೋಡಿನ ಗುಡಿಯಲ್ಲಿ ನಿನ್ನ ಹನುಮಪ್ಪ ಹೂ ಕೊಟ್ಟದ್ದು ಎಡಕ್ಕೆ. ಬಲಕ್ಕೆ ಕೊಟ್ಟ ಎಂದು ಬಂದು ಹೇಳಿದವನು ನಾನು. ಅದು ಸುಳ್ಳು — ಬೇಕೆಂದೇ ಹೇಳಿದ ಸುಳ್ಳು. ನನ್ನ ಕಣ್ಣು ತಪ್ಪಿರಲಿಲ್ಲ. ಪೂಜಾರಿಯ ಮಾತೂ ಸರಿಯಾಗಿಯೇ ಕೇಳಿಸಿತ್ತು.

ನಾಲ್ಕು ವರ್ಷದಿಂದ ಈ ಮಾತನ್ನು ಬಚ್ಚಿಟ್ಟುಕೊಂಡಿದ್ದೇನೆ. ಸಂಜೆ ನೀನು ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತಾಗೆಲ್ಲ ಹೇಳಿಬಿಡೋಣ ಎನಿಸುತ್ತದೆ. ಅಷ್ಟರಲ್ಲಿ ಯಾರೋ ಗಿರಾಕಿ ಬರುತ್ತಾರೆ, ಇಲ್ಲವೇ ನೀನೇ ಚಹಾ ತರಿಸುತ್ತೀ, ಇಲ್ಲವೇ — ಬೇಡ, ನಿಜ ಹೇಳುತ್ತೇನೆ, ಯಾರೂ ಬರದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಈಗ ನಿನ್ನನ್ನು ಎದುರಿಗೆ ಕೂರಿಸಿಕೊಂಡಂತೆ ಎಲ್ಲವನ್ನೂ ಮೊದಲಿಂದ ಹೇಳಿ ನೋಡುತ್ತಿದ್ದೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ನನ್ನ ಪಾಲಿಗೆ ಅದು ಹೇಗಿತ್ತೆಂಬುದು ಮಾತ್ರ ನಿನಗೆ ಗೊತ್ತಿಲ್ಲ.

ದೋಣಿ ಕಟ್ಟುವ ಹುಚ್ಚು ನಿನ್ನದು. ಜೀನ್ಸ್ ಕಾರ್ಖಾನೆಯಲ್ಲಿ ನೀನು ಕಟಿಂಗ್ ಮಾಸ್ಟರ್. ಒಂದರ ಮೇಲೊಂದು ಪೇರಿಸಿದ ದಪ್ಪ ಬಟ್ಟೆಯಲ್ಲಿ ಮಷಿನ್ನು ಓಡಿಸಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಪ್ಯಾಂಟು ಕತ್ತರಿಸುವ ಕೈ. ಯಾವುದೋ ದೇಶದವರು ಕಾಡಿನ ನದಿಗಳಲ್ಲಿ ಕೆನೂ ಎಂಬ ಕಿರಿದಾದ ದೋಣಿ ನಡೆಸುವುದನ್ನು ಫೋನಿನಲ್ಲಿ ನೋಡಿ ನೋಡಿ, ಬಾಡಿಗೆ ಮನೆಯ ಹಿತ್ತಲಲ್ಲಿ ಪ್ಲೈವುಡ್ ಹಾಸಿಕೊಂಡು ಕೂತೆ. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದಲೇ ಅದಕ್ಕೂ ಗುರುತು ಹಾಕಿದೆ. ಓಣಿಯವರಿಗೆ ನಗುವುದೇ ಕೆಲಸವಾಯಿತು. "ನಳಕ್ಕ ನೀರು ಬರೋದ ಗೊತ್ತಿಲ್ಲ, ಈ ಪುಣ್ಯಾತ್ಮ ದೋಣಿ ಕಟ್ಟಾಕ ಹತ್ಯಾನ" ಎಂದರು. ನಾನೂ ನಕ್ಕೆ. ಆದರೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹಗ್ಗ, ತಾಡಪತ್ರಿ ಮಾರುವ ಅಂಗಡಿ ನನ್ನದು. ನಗುತ್ತ ನಗುತ್ತಲೇ ನಿನ್ನ ಹುಚ್ಚಿನಲ್ಲಿ ಪಾಲುದಾರನಾದೆ.

ಸಿರುಗುಪ್ಪದಿಂದ ಆಚೆ ತುಂಗಭದ್ರೆ ಬಂಡೆಗಳ ನಡುವೆ ಕವಲೊಡೆದು, ಜಾಲಿ ಜೊಂಡು ಬೆಳೆದ ನಡುಗಡ್ಡೆಗಳನ್ನು ಸುತ್ತಿ ಹರಿಯುವ ಜಾಗ ನಿನ್ನ ಕಣ್ಣಲ್ಲಿತ್ತು. ಅಲ್ಲಿ ನೀರುನಾಯಿಗಳು ಹಿಂಡು ಕಟ್ಟಿಕೊಂಡು ಆಡುತ್ತವಂತೆ, ಅವನ್ನು ಹತ್ತಿರದಿಂದ ನೋಡಬೇಕು ಎಂಬುದು ನಿನ್ನ ಆಸೆ. ದಂಡೆಯಲ್ಲಿ ಒಂದು ಕಡೆ ಬಿಡಾರ ಹೂಡುವುದು. ಬೆಳಿಗ್ಗೆ ನೀನೂ ನಿನ್ನ ಭಾವಮೈದುನ ಎರ್ರಿಸ್ವಾಮಿಯೂ ದೋಣಿಯಲ್ಲಿ ಹೋಗಿ, ಸಂಜೆಗೆ ಅಲ್ಲಿಗೇ ಹಿಂತಿರುಗುವುದು. ನನಗೆ ಈಜು ಬಾರದು. ಆದ್ದರಿಂದ ಅಡುಗೆ, ಸಾಮಾನು, ಕಾವಲು ನನ್ನ ಪಾಲಿಗೆ ಬಂತು. ಇನ್ನೊಂದು ಕೆಲಸವೂ ಇತ್ತು: ದೋಣಿ ದಂಡೆಗೆ ಬರುವ ಹೊತ್ತಿಗೆ ನೀರಿನ ಅಂಚಿನಲ್ಲಿ ನಿಂತು ಹಗ್ಗ ಎಸೆಯುವುದು.

ಜಾಗ ನೋಡಲು ಮೂವರೂ ಹೋದೆವು. ಮೇಲುಗಡೆ ಒಂದು ಬೇವಿನ ತೋಪು, ಅದರ ಕೆಳಗೆ ದೊಡ್ಡ ಬಂಡೆಯ ಮರೆಯಲ್ಲಿ ನೀರು ಕೆರೆಯಂತೆ ನಿಂತಿತ್ತು. ಕೆಳಗಡೆ, ಡಾಂಬರು ರಸ್ತೆಗೆ ಹತ್ತಿರದಲ್ಲಿ, ಒಂದು ಪಾಳುಬಿದ್ದ ಪಂಪ್‌ಹೌಸ್. ಮಲಗಲು ಸೂರಿತ್ತು, ಆದರೆ ಮುಂದೆ ನೀರಿನ ಸೆಳೆತ ಜೋರು. ಹಳೆಯ ಕಾಂಕ್ರೀಟಿನ ತುಂಡುಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಎರ್ರಿಸ್ವಾಮಿಗೆ ಎಲ್ಲಿಯಾದರೂ ಆದೀತು. ನಿನಗೆ ಮಾತ್ರ ತೋಪೇ ಆಗಬೇಕು.

"ಹೋಗಾಕೇನು ಪಂಪಣ್ಣ, ಎಲ್ಲಿಂದಾದ್ರೂ ಹೋಗಬಹುದು. ಸಂಜಿಕ ಕೈಕಾಲು ಸೋತು ಹೊಳ್ಳಿ ಬರ್ತೀವಲ್ಲ, ಆಗ ಎಲ್ಲಿ ಇಳೀತೀವಿ ಅನ್ನೋದು ನೋಡಬೇಕು" ಎಂದು ನೀನು ನನಗೆ ಹೇಳಿದೆ.

ನಾನು ವಾದಿಸಿದೆ. ರಸ್ತೆ ಹತ್ತಿರವಿದೆ, ಹೆಚ್ಚುಕಡಿಮೆಯಾದರೆ ಸಿರುಗುಪ್ಪದ ಆಸ್ಪತ್ರೆಗೆ ಓಡಬಹುದು, ತೋಪಿನಲ್ಲಿ ಹಾವಿರುತ್ತವೆ. ಹೇಳಿದ್ದೆಲ್ಲ ಖರೆ. ಆದರೆ ನನ್ನ ಕಾರಣ ಅದ್ಯಾವುದೂ ಆಗಿರಲಿಲ್ಲ.

ನನ್ನ ಹೆಂಡತಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಗಾಂಧಿನಗರದ ಮನೆಗೆ ಹೋಗಿ ಬೀಗ ತೆಗೆದರೆ, ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಆದೋನಿಗೆ ಕೊಟ್ಟ ಮಗಳು ಫೋನು ಮಾಡುತ್ತಿದ್ದಳು. ಊಟವಾಯಿತೇ, ಗುಳಿಗೆ ತಗೊಂಡೆಯಾ — ಇಷ್ಟೇ ಮಾತು. ಆ ಫೋನು ಬಂದರೆ ನನ್ನ ದಿನ ಮುಗಿಯುತ್ತಿತ್ತು, ಬಾರದಿದ್ದರೆ ಮುಗಿಯುತ್ತಲೇ ಇರಲಿಲ್ಲ. ನೀವಿಬ್ಬರೂ ತೋಪಿನ ಕೆಳಗೆ ನೀರಿನ ಆಳ ನೋಡುತ್ತಿದ್ದಾಗ ನಾನು ಫೋನು ಎತ್ತಿ ಹಿಡಿದು ಒಂದೊಂದೇ ಬೇವಿನ ಮರದ ಬುಡಕ್ಕೆ ಹೋಗಿ ನಿಂತೆ. ಎಲ್ಲಿಯೂ ಸಿಗ್ನಲ್ ಇರಲಿಲ್ಲ. ಪಂಪ್‌ಹೌಸಿನ ಹತ್ತಿರ ಚೆನ್ನಾಗಿ ಸಿಗುತ್ತಿತ್ತು.

ಇದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ನೀನು ನಗುತ್ತಿರಲಿಲ್ಲ, ನನಗೆ ಗೊತ್ತು. ನೀನೇ ಬೇರೆ ಏನಾದರೂ ದಾರಿ ಹುಡುಕುತ್ತಿದ್ದೆ. ಆದರೆ ತಲೆ ನೆರೆತ ಗಂಡಸು, ಕತ್ತಲಾದರೆ ಒಬ್ಬನೇ ಇರಲು ಹೆದರಿಕೆ ಎಂದು ಹೇಗೆ ಹೇಳುವುದು — ನಾಚಿಕೆಯಾಯಿತು.

ವಾದ ಬಗೆಹರಿಯಲಿಲ್ಲ. ಕೊನೆಗೆ ನೀನೇ, ನಿಮ್ಮ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ಮಾಡುವಂತೆ, ಕುರುಗೋಡಿನ ಮನೆದೇವರಿಗೆ ಹೂ ಕೇಳೋಣ ಎಂದೆ. ಆದರೆ ಅದೇ ವಾರ ನಿನ್ನ ದೊಡ್ಡಪ್ಪ ತೀರಿಕೊಂಡ. ಸೂತಕದಲ್ಲಿ ನೀನು ಗುಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಸೂತಕ ಕಳೆಯುವ ತನಕ ಕಾದರೆ ಹೊಳೆಯ ನೀರು ಇಳಿದುಹೋಗುತ್ತಿತ್ತು. "ಪಂಪಣ್ಣ, ನನ್ನ ಬದಲಿ ನೀನ ಹೋಗಿ ಕೇಳ್ಕೊಂಡು ಬಾ. ನಾ ಕೇಳಿದ್ರೇನು, ನೀ ಕೇಳಿದ್ರೇನು?" ಎಂದೆ. ಯಾವ ಜಾಗ ಬೇಕೆಂದು ಜಗಳವಾಡಿದವನನ್ನೇ ಕಳಿಸಿದೆ. ನನ್ನನ್ನು ಅಷ್ಟು ನಂಬಿದ್ದೆ ನೀನು.

ನಾನು ಕುರುಗೋಡಿನ ಬಸ್ಸು ಹತ್ತಿದೆ. ಗುಡಿಯಲ್ಲಿ ಪೂಜಾರಿ ಹನುಮಪ್ಪನ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂ ಅಂಟಿಸಿ, ನೀನು ಹೇಳಿಕಳಿಸಿದಂತೆಯೇ ಬೇಡಿಕೊಂಡ: "ಪಂಪ್‌ಹೌಸಿನ ಹಂತೇಕ ಬಿಡಾರ ಹೂಡಬಹುದು ಅಂದ್ರ ಬಲಕ್ಕ ಕೊಡಪ್ಪ. ಬ್ಯಾಡಂದ್ರ ಎಡಕ್ಕ ಕೊಡು." ಇಬ್ಬರೂ ಕಾದೆವು. ಬಲಗಡೆಯ ಹೂ ಸ್ವಲ್ಪ ಜಾರಿ ಅಲ್ಲೇ ನಿಂತಿತು. ಎಡಗಡೆಯದು ಕೆಳಗೆ ಬಿತ್ತು.

"ಬ್ಯಾಡ ಅಂತಾನ್ರಿ" ಎಂದ ಪೂಜಾರಿ. "ತೋಪಿನಾಗ ಇರಂತ ಹೇಳ್ರಿ ಅವ್ರಿಗೆ."

ಬಳ್ಳಾರಿಯ ಬಸ್ಸಿನಲ್ಲಿ ಕೂತು ನನ್ನಷ್ಟಕ್ಕೆ ನಾನೇ ಹೇಳಿಕೊಂಡೆ — ಒದ್ದೆ ಹೂ, ಎಲ್ಲಿ ಭಾರವೋ ಅಲ್ಲಿ ಬೀಳುತ್ತದೆ, ಅದರಲ್ಲೇನಿದೆ? ಎಂಥ ಬುದ್ಧಿವಂತ ನಾನು! ಅದು ಬಲಕ್ಕೆ ಬಿದ್ದಿದ್ದರೆ ದೇವರ ಮಾತೆಂದು ಕುಣಿಯುತ್ತ ಬರುತ್ತಿದ್ದೆ. ನೀನು ಮನೆಯ ಮುಂದೆಯೇ ನಿಂತು ಕಾಯುತ್ತಿದ್ದೆ.

"ಏನಂದ ನಮ್ಮಪ್ಪ?"

"ಬಲಕ್ಕ ಕೊಟ್ಟ."

ನಿನ್ನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ನೀನು ಕುರುಗೋಡಿನ ದಿಕ್ಕಿಗೆ ತಿರುಗಿ ಕೈಮುಗಿದೆ. "ಆತು ಬಿಡು. ಅವ ಅಂದ ಮ್ಯಾಲ ಮುಗೀತು" ಎಂದೆ. ಪೂಜಾರಿಯನ್ನು ಮತ್ತೊಮ್ಮೆ ಕೇಳುವ ಯೋಚನೆ ನಿನಗೆ ಬರಲೇ ಇಲ್ಲ.

ಮೊದಲ ದಿನ ಸುರಳೀತ ಕಳೆಯಿತು. ನೀರುನಾಯಿ ಕಂಡವೆಂದು ನೀನು ಚಿಕ್ಕ ಹುಡುಗನಂತೆ ಕೈಕಾಲು ಆಡಿಸಿ ಹೇಳಿದೆ. ನಾನು ಮಾಡಿದ ಚಿತ್ರಾನ್ನ ಉಪ್ಪಾಗಿದ್ದರೂ ಎರಡು ಸಲ ಹಾಕಿಸಿಕೊಂಡೆ. ಎರಡನೆಯ ದಿನ ನೀವು ಬರುವುದು ತಡವಾಯಿತು. ದೋಣಿ ತಿರುವಿನಲ್ಲಿ ಕಂಡಾಗ ಹೊತ್ತು ಮುಳುಗಿತ್ತು. ಅದೇ ಗಳಿಗೆಗೆ ಮಗಳ ಫೋನು ಬಂತು. ನಾನು ನೀರಿನ ಅಂಚಿನಲ್ಲೇ ನಿಂತಿದ್ದೆ, ಹಗ್ಗ ಹೆಗಲ ಮೇಲೇ ಇತ್ತು — ಆದರೆ ಎಸೆಯಬೇಕಾದ ಕೈಯಲ್ಲಿ ಫೋನು ಹಿಡಿದಿದ್ದೆ. "ಅಣ್ಣಾ, ಹಗ್ಗ!" ಎಂದು ಎರ್ರಿಸ್ವಾಮಿ ಕೂಗಿದ. ನಾನು ಫೋನು ಜೇಬಿಗೆ ಹಾಕಿ, ಹಗ್ಗ ಬಿಡಿಸಿಕೊಳ್ಳುವಷ್ಟರಲ್ಲಿ ಸೆಳೆತ ದೋಣಿಯನ್ನು ಅಡ್ಡ ತಿರುಗಿಸಿತ್ತು. ದೂಡಿಕೊಳ್ಳಲು ನೀನು ಬಲಗೈ ಚಾಚಿದೆ. ಕೈ, ದೋಣಿಗೂ ಕಾಂಕ್ರೀಟಿಗೂ ನಡುವೆ ಸಿಕ್ಕಿತು.

ಆ ಕೂಗಿನ ಬಗ್ಗೆ ನಾನು ಹೇಳಲಾರೆ.

ಆಸ್ಪತ್ರೆಯಲ್ಲಿ ನಾನು ಅತ್ತಾಗ ನೀನೇ ನನಗೆ ಸಮಾಧಾನ ಹೇಳಿದೆ. "ಹಗ್ಗದ ಮಾತು ಬಿಡು ಪಂಪಣ್ಣ. ಅವ ತೋರಿಸಿದ ಜಾಗ ಅದು. ನೀನೇನು ಮಾಡ್ತಿ?" ಆಗಲೇ ಹೇಳಬೇಕಿತ್ತು. ಕಣ್ಣೊರೆಸಿಕೊಂಡೆ, ಅಷ್ಟೇ. ನನ್ನ ಪಾಪವನ್ನು ನಿನ್ನ ದೇವರ ಹೆಗಲಿಗೆ ನೀನೇ ದಾಟಿಸುತ್ತಿದ್ದೆ, ನಾನು ದಾಟಿಸಗೊಟ್ಟೆ.

ನಿನ್ನ ಬೆರಳುಗಳು ಮತ್ತೆ ಮಡಚಲಿಲ್ಲ. ಕಟಿಂಗ್ ಮಷಿನ್ನು ಹಿಡಿಯುವುದು ಮುಗಿಯಿತು. ಈಗ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರುತ್ತೀ. ಬೇಸಿಗೆಯಲ್ಲಿ ದೋಣಿಯನ್ನು ಯಾರಿಗೋ ಕೊಟ್ಟುಬಿಟ್ಟೆ. ಶನಿವಾರ ಗುಡಿಗೆ ಹೋಗುವುದನ್ನೂ ಬಿಟ್ಟೆ. ನಾನು ಒಮ್ಮೆ ಕೇಳಿದ್ದಕ್ಕೆ, "ಕೇಳಿ ಮಾಡಿದ್ದಕ್ಕ ಹಿಂಗ ಮಾಡಿದ. ಇನ್ನ ಅವನ್ನ ಕೇಳೋದು ಏನೈತಿ?" ಎಂದೆ. ನೀನು ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಗೆಳೆಯ ಕೈಬಿಟ್ಟುಹೋದ ಎಂಬಂತೆ, ಮೆಲ್ಲಗೆ ಹೇಳಿದೆ.

ಅಂದಿನಿಂದ ಡ್ಯೂಟಿ ಮುಗಿಸಿ ದಿನಾ ನನ್ನ ಅಂಗಡಿಗೆ ಬರುತ್ತೀ. ನಿನಗೆ ಹೊತ್ತು ಹೋಗುವುದಿಲ್ಲವೆಂದು ಬರುತ್ತೀಯೆಂದೇ ತಿಳಿದಿದ್ದೆ. ಆದರೆ ಹೋದ ವಾರ ನಿನ್ನ ಹೆಂಡತಿ ಈರಮ್ಮ ಬಂದು ಹೇಳಿದಳು: "ಮನ್ಯಾಗ ಕುಂದ್ರು ಅಂದ್ರ ಕೇಳಂಗಿಲ್ಲರಿ ಅಣ್ಣಾರ. ಪಂಪಣ್ಣ ಒಬ್ಬನ ಇರ್ತಾನ, ಸಂಜಿ ಅವಂಗ ತಡಿಯಂಗಿಲ್ಲ, ಹೋಗಬೇಕು ಅಂತಾರ." ಅವಳು ಬಂದದ್ದು ಬೇರೆ ವಿಷಯಕ್ಕೆ. ಮಗಳಿಗೆ ಗಂಡು ಗೊತ್ತಾಗುವಂತಿದೆ, ಬೀಗರಾಗುವವರು ಮನೆದೇವರಿಗೆ ಹೂ ಕೇಳಿಸಿ ಎನ್ನುತ್ತಿದ್ದಾರೆ, ನೀನು ನಮಗೆ ಮನೆದೇವರಿಲ್ಲ ಎಂದುಬಿಟ್ಟಿದ್ದೀಯಂತೆ. "ನಿಮ್ಮ ಮಾತಂದ್ರ ಕೇಳ್ತಾರ, ನೀವ ಹೇಳ್ರಿ" ಎಂದು ಕಟ್ಟೆಯ ಮೇಲೆ ಕೂತು ಅತ್ತಳು. ನನ್ನ ಮಾತಂದರೆ ಕೇಳುತ್ತೀಯಂತೆ!

ನನಗೆ ಬೇಕಾದ ಸಂಜೆಗಳಿಗಾಗಿ ನಿನ್ನ ಕೈ ಹೋಯಿತು. ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಸಂಜೆಗಳಿಗೆ ಜೊತೆಯಾಗಲು ನೀನೇ ದಿನವೂ ನಡೆದು ಬರುತ್ತಿದ್ದೀ. ಮಗಳ ಫೋನು ಈಗೀಗ ವಾರಕ್ಕೊಮ್ಮೆ. ನಿನ್ನನ್ನು ಬಿಟ್ಟರೆ ನನ್ನ ಅಂಗಡಿಯ ಕಟ್ಟೆ ಹತ್ತುವವರು ಹಗ್ಗ ಕೊಳ್ಳುವವರು ಮಾತ್ರ. ಇಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದುದು ನಿನ್ನ ನೋವಿಗೆ ಹೆದರಿಯಲ್ಲ. ನೀನು ಬರುವುದು ನಿಂತೀತೆಂದು.

ನಾಳೆ ನೀನು ಬಂದು ಕೂರುತ್ತಲೇ ಹೇಳುತ್ತೇನೆ. ಚಹಾ ಬರುವ ತನಕವೂ ಕಾಯುವುದಿಲ್ಲ. ಕ್ಷಮಿಸು ಎಂಬ ಮಾತನ್ನು ಆಡಿ ನಿನ್ನನ್ನು ಕಟ್ಟಿಹಾಕುವುದೂ ಇಲ್ಲ. ಹನುಮಪ್ಪ ನಿನಗೆ ನಿಜವನ್ನೇ ಹೇಳಿದ್ದ, ಅವನನ್ನು ಬಿಡಬೇಡ, ಮಗಳ ಕಾರ್ಯಕ್ಕೆ ಹೋಗಿ ಕೇಳು, ಈ ಸಲ ಬೇರೆ ಯಾರನ್ನೂ ಕಳಿಸಬೇಡ — ಇಷ್ಟೇ ಹೇಳುತ್ತೇನೆ. ಆಮೇಲೆ ನೀನು ಎದ್ದು ಹೋದರೆ ಹಿಂದಿನಿಂದ ಕೂಗುವುದಿಲ್ಲ. ಮಾರನೆಯ ಸಂಜೆ ಬಾರದಿದ್ದರೆ, ಹುಲುಗಪ್ಪ ಯಾಕೆ ಬರಲಿಲ್ಲ ಎಂದು ಯಾರನ್ನೂ ಕೇಳುವುದಿಲ್ಲ.