ರೈಲು ಅನ್ನು

ಪ್ರಶ್ನೆ ಪೂರ್ತಿಯಾಗುವುದನ್ನು ಶರಣಪ್ಪ ಸರ್ ಸಹಿಸುತ್ತಿರಲಿಲ್ಲ. "ನೂಲುವ ಯಂತ್ರ" ಎಂದು ಅವರು ಬಾಯಿ ತೆರೆದರೆ ನಾವು "ಬಟ್ಟಿ ಗಿರಣಿ!" ಎಂದು ಕೂಗಬೇಕು. "ಟೆಲಿಗ್ರಾ..." ಎನ್ನುವಷ್ಟರಲ್ಲಿ "ತಂತಿ ಸುದ್ದಿ!" ಯಾರಾದರೂ ತಡವರಿಸಿದರೆ ಡಸ್ಟರ್ ಮೇಜಿಗೆ ಬಡಿಯುತ್ತಿತ್ತು. "ಪ್ರಶ್ನಿ ಪೂರಾ ಕೇಳಾವ್ರು ಇಲ್ಲಿಗ್ಯಾಕ ಬರ್ತೀರಲೇ? ಗದ್ದ್ಯಾಗ ನೆಲ್ಲು ಹಚ್ಚಾಕ ಹೋಗ್ರಿ."

ಸಿಂಧನೂರಿನ ಅಕ್ಕಿ ಗಿರಣಿಯೊಂದರ ಎದುರು, ಮಹಡಿಯ ಮೇಲೆ ಅವರ ಕೋಚಿಂಗ್ ಕ್ಲಾಸು. ಕಿಟಕಿಯಿಂದ ತೌಡಿನ ಧೂಳು ಬಂದು ನಮ್ಮ ಬೆಂಚುಗಳ ಮೇಲೆ ಕೂರುತ್ತಿತ್ತು. ಸರಕಾರಿ ನೌಕರಿ ಬೇಕಾದವರಿಗೆ ಆಗ ನಮ್ಮ ಕಡೆ ಬೇರೆ ದಾರಿ ಇರಲಿಲ್ಲ. ನಾನು ಅವರನ್ನು ಮೆಚ್ಚಿದವನಲ್ಲ. "ಅವರು" ಎಂದು ಬರೆಯುವುದು ಕೈಯ ರೂಢಿಯೇ ಹೊರತು ಗೌರವವಲ್ಲ. ಸಿಟ್ಟಿನಲ್ಲಿ ನೆನೆದರೆ ಮನುಷ್ಯ ಇದ್ದುದಕ್ಕಿಂತ ಕೆಟ್ಟವನಾಗಿ ಕಾಣುತ್ತಾನೆ ಎಂಬ ಅನುಮಾನದಿಂದ, ಒಳ್ಳೆಯದನ್ನೂ ಹುಡುಕಿದ್ದೇನೆ. ಬಸ್ಸು ತಪ್ಪಿದ ಗೊರೇಬಾಳದ ಹುಡುಗರನ್ನು ತಮ್ಮ ಬೈಕಿನಲ್ಲಿ ಊರಿಗೆ ಮುಟ್ಟಿಸುತ್ತಿದ್ದರು. ದಾರಿಯುದ್ದಕ್ಕೂ ಅವರಿಂದ ಉತ್ತರ ಕೂಗಿಸುತ್ತಿದ್ದರಂತೆ.

ನಮ್ಮ ಜೊತೆ ಕಲಿಯುತ್ತಿದ್ದ ರೇಣುಕಾ ಲಿಂಗಸುಗೂರು ಕಡೆಯವಳು. ಅವಳ ತಂದೆ ಅಲ್ಲಿಯ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದರು. ಆ ಸಲದ ಪರೀಕ್ಷೆ ಮುಗಿದರೆ ಅವಳ ವಯೋಮಿತಿಯೂ ಮುಗಿಯುತ್ತಿತ್ತು. ಒಂದು ದಿನ "ಉಗಿ ಎಂಜಿನ್ ಮೊದಲು..." ಎಂದು ಸರ್ ಶುರುಮಾಡಿದರು. ನಾವೆಲ್ಲ "ರೈಲು!" ಎಂದು ಕಿರುಚಿದೆವು. ಅವಳು ಎದ್ದು ನಿಂತಳು.

"ರೈಲು ಆಮ್ಯಾಲಿಂದು ರೀ ಸರ್. ಮೊದಲು ಗಣಿಯಾಗಿನ ನೀರು ತಗಿಯಾಕ ಮಾಡಿದ್ರು. ಡಿಗ್ರಿಯಾಗ ಓದೀನಿ. ನಮ್ಮಪ್ಪನೂ ಹೇಳ್ತಾನ, ಪಂಪ್ ನಿಂತ್ರ ನೀರು ಏರತೈತಿ, ಮಂದಿ ಮ್ಯಾಲ ಬರಬೇಕಂತ."

"ನಿಮ್ಮಪ್ಪ ಪೇಪರ್ ತಗದಾನೇನು? ಗೈಡಿನ್ಯಾಗ ರೈಲು ಐತಿ. ರೈಲು ಅನ್ನು."

"ಅನ್ನಂಗಿಲ್ಲ ರೀ."

"ಹಂಗಾದ್ರ ಚಪ್ಪಲಿ ಮೆಟ್ಟು, ಹೊರಗ ನಡಿ."

ಆಕೆ ಹೇಳುವುದು ಸರಿಯೆಂದು ನಾನೂ ಎದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೆ. "ಎಂ.ಎ. ಮಾಡಿ ನೀನೂ ಇಲ್ಲೇ ಬಂದು ಕುಂತೀಯಲ್ಲೋ ಮಾರಾಯ," ಎಂದರು. ಕ್ಲಾಸು ನಕ್ಕಿತು. ಆ ನಗು ನಿಲ್ಲುವ ಮೊದಲೇ ರೇಣುಕಾ ಮೆಲ್ಲಗೆ "ರೈಲು" ಎಂದು ಕೂತಳು.

ಅಷ್ಟಕ್ಕೇ ಅವರು ಬಿಡಲಿಲ್ಲ. ಪರೀಕ್ಷೆಯವರೆಗೆ ಪ್ರತಿದಿನ ಆ ಪ್ರಶ್ನೆಯನ್ನು ಅವಳಿಗೇ ಮೊದಲು ಎಸೆದರು. "ಉಗಿ..." ಎಂದರೆ ಸಾಕು, ಕೊನೆಕೊನೆಗೆ ಅವಳು ತಲೆ ಎತ್ತದೆಯೇ "ರೈಲು" ಎನ್ನುತ್ತಿದ್ದಳು. ಆಗ ಅವರ ಮುಖದ ಮೇಲೆ ನಗು ಇತ್ತೆಂದು ನನ್ನ ನೆನಪು. ಇರಲಿಕ್ಕಿಲ್ಲ, ನಾನೇ ಹಚ್ಚಿದ್ದಿರಬಹುದು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ರೈಲೂ ಇತ್ತು, ಗಣಿಯೂ ಇತ್ತು. ನಾನು ಗಣಿಗೆ ಗುರುತು ಹಾಕಿದೆ. ಹೊರಗೆ ಬೇವಿನ ಗಿಡದ ಕೆಳಗೆ ಸಿಕ್ಕ ರೇಣುಕಾ ತನ್ನ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಳ್ಳುತ್ತಿದ್ದಳು.

"ಪ್ರಶ್ನಿ ಓದಿ ಮುಗಿಸೋದ್ರಾಗ ಈ ಕೈ ಓಡಿಬಿಡ್ತಣ್ಣ. ರೈಲಿಗೆ ಶಾಯಿ ತುಂಬಿದ ಮ್ಯಾಲ ಗಣಿ ಕಾಣ್ತು. ಅಳಿಸಾಕ ಬರಂಗಿಲ್ಲಲ್ಲ."

ಸರಿಯುತ್ತರ ಗಣಿಯೇ ಆಗಿತ್ತು. ಕೂದಲೆಳೆಯ ಅಂತರದಲ್ಲಿ ಅವಳಿಗೆ ನೌಕರಿ ತಪ್ಪಿತು. ಉಳಿದ ಪ್ರಶ್ನೆಗಳಲ್ಲೂ ತಪ್ಪಿರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಸಿಟ್ಟು ಇಳಿದಿಲ್ಲ. ಅವಳೀಗ ಸಿಂಧನೂರಿನ ಸೀರೆ ಅಂಗಡಿಯೊಂದರಲ್ಲಿದ್ದಾಳೆ. ನಾನು ಮಸ್ಕಿಯ ಸರಕಾರಿ ಕಚೇರಿಯಲ್ಲಿದ್ದೇನೆ.

ಹೋದ ವರ್ಷ ಮನೆಯವರ ಹಟಕ್ಕೆ ತಂಗಿಯನ್ನು ಸೇರಿಸಲೆಂದು ಮತ್ತೆ ಆ ಮಹಡಿ ಹತ್ತಿದೆ. ಮೆಟ್ಟಿಲಿಗೇ ದನಿ ಕೇಳಿಸಿತು.

"ಉಗಿ ಎಂಜಿ..."

"ಗಣಿ!"

"ಹಾಂ! ಯಾಕಂದ್ರ ಗಣಿಯಾಗ ಪಂಪ್ ನಿಂತ್ರ ನೀರು ಏರತೈತಿ. ಮಂದಿ ಮ್ಯಾಲ ಬರಬೇಕಾಗತೈತಿ. ನಾ ಖುದ್ದು ನೋಡೀನಿ."

ಅವರು ಯಾವ ಗಣಿಗೂ ಇಳಿದವರಲ್ಲ. ಬಾಗಿಲಲ್ಲಿ ನಿಂತು, "ಅದು ರೇಣುಕಾನ ಮಾತು ರೀ ಸರ್," ಎಂದೆ.

ಅವರು ತಿರುಗಿ ನೋಡಿ ಗುರುತು ಹಿಡಿದರು. "ಹೂಂ. ಶಾಣ್ಯಾ ಹುಡುಗಿ. ಈ ಸಲ ಪರೀಕ್ಷಾ ಕಟ್ಟಂತ ಹೇಳು. ಪುಕ್ಕಟ ಕಲಸ್ತೀನಿ."

"ಆಕಿ ವಯಸ್ಸು ಮುಗದೈತ್ರಿ."

ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು ಅವರು ಬೋರ್ಡಿನ ಕಡೆ ತಿರುಗಿದರು.

"ಮುಂದಿನ ಪ್ರಶ್ನಿ," ಎಂದರು.

ತಂಗಿಯ ಹೆಸರು ಬರೆಸದೆ ಇಳಿದು ಬಂದೆ.