ತಡಿ ಎಂಬ ಎರಡಕ್ಷರ

ಹಂಚಿನ ಮೇಲೆ ಕಾಟುಮಾವಿನ ಹಣ್ಣು ಬಿದ್ದರೆ ‘ಟಪ್’ ಎನ್ನುತ್ತದೆ. ಇದು ಲೋಕಸಮ್ಮತವಾದ ಸದ್ದು. ಅನ್ಯರಿಗೆಲ್ಲ ಹಾಗೆಯೇ ಕೇಳಿಸುತ್ತದಂತೆ. ನನಗೆ ಮಾತ್ರ ಅದು ಬರಲಿರುವ ಮಹಾ ‘ಧಡಾರ್’ನ ಮುನ್ನುಡಿಯಂತೆ ಕೇಳಿಸಿ, ಕೈಯಲ್ಲಿದ್ದ ಚಾದ ಗ್ಲಾಸನ್ನು ಎಲ್ಲೋ ಇಟ್ಟು ಹಿತ್ತಲಿಗೆ ಓಡುವಂತಾಗುತ್ತದೆ. ಚಿಂತೆ ಮಾಡುವವರನ್ನು ಚಿಂತಕರೆಂದು ಕರೆಯುವುದಾದರೆ, ಈ ಗಡಿನಾಡಿನಲ್ಲಿ, ಹೊಸಂಗಡಿಯಿಂದ ಒಳಗೆ, ನನ್ನಷ್ಟು ದೊಡ್ಡ ಚಿಂತಕ ಇನ್ನೊಬ್ಬನಿಲ್ಲ.

ಅಡಿಗೆಮನೆಯ ಹಿಂದೆ ನಿಂತ ಈ ಮರ ನಮಗಿಂತ ಮೊದಲೇ ಆ ಜಾಗಕ್ಕೆ ಬಂದದ್ದು. ಮನೆ ಕಟ್ಟುವಾಗ ಮೇಸ್ತ್ರಿ ಇದನ್ನು ತೆಗೆಯಬೇಕು ಎಂದದ್ದಕ್ಕೆ ನನ್ನ ಹೆಂಡತಿ ಸುಮತಿ, ಹಾಗಾದರೆ ಮನೆಯನ್ನೇ ಸ್ವಲ್ಪ ಆಚೆ ಸರಿಸಿ ಎಂದವಳು. ಇದರ ಮಿಡಿಯ ಸೊನೆಗಿರುವ ಪರಿಮಳ ಭೂಮಂಡಲದ ಬೇರೆ ಮರಕ್ಕಿಲ್ಲ ಎಂಬುದು ಅವಳ ಸಿದ್ಧಾಂತ. ಇದರ ಒಣಗಿದ ಕೊಂಬೆಯೊಂದು ನಮ್ಮ ಹಂಚಿನ ಮಾಡಿಗೆ ಗುರಿಯಿಟ್ಟು ಮುಹೂರ್ತ ನೋಡುತ್ತಿದೆ ಎಂಬುದು ನನ್ನದು. ಗಾಳಿ ಬಂದಾಗಲೆಲ್ಲ ನಾನು ಕಿಟಕಿಯಲ್ಲಿ ನಿಂತು ಮರವನ್ನೇ ದಿಟ್ಟಿಸುವುದನ್ನು ಕಂಡು ಅವಳು, ಆ ಮರ ಬೀಳುವುದಿದ್ದರೆ ನಿಮ್ಮ ದೃಷ್ಟಿ ತಾಗಿಯೇ ಬೀಳಬೇಕಷ್ಟೆ ಎಂದು ಸಾಸಿವೆ ಸಿಡಿಸುತ್ತಾಳೆ.

ಕೊನೆಗೆ ನಮ್ಮೊಳಗೆ ಸಂಧಾನವಾಯಿತು. ಮರ ಕಡಿಯುವವರನ್ನಲ್ಲ, ಮರಕ್ಕೆ ಮದ್ದು ಮಾಡುವವರನ್ನು ಕರೆಸುವುದು. ಆ ಒಣಗೊಂಬೆಯನ್ನಷ್ಟೇ ತೆಗೆಸುವುದು. ಉಳಿದ ಮರಕ್ಕೆ ಎಂತಾದರೂ ಆದರೆ ಮಿಡಿ ಉಪ್ಪಿನಕಾಯಿಯ ಭರಣಿಯತ್ತ ನಾನು ಜನ್ಮದಲ್ಲಿ ಕೈಚಾಚಕೂಡದು. ಅಂಥ ವೈದ್ಯರೂ ಇದ್ದಾರೆಯೇ ಎಂದು ಕೇಳಬೇಡಿ. ಪಾದಕ್ಕೊಬ್ಬರು, ಹಲ್ಲಿಗೊಬ್ಬರು ಇರುವ ಈ ಕಾಲದಲ್ಲಿ ಮರಕ್ಕೂ ಒಬ್ಬರು ಉಂಟು.

ಕಾಞಂಗಾಡ್ ಕಡೆಯಿಂದ ಜೀಪಿನಲ್ಲಿ ಬಂದಿಳಿದ ವೃಕ್ಷವೈದ್ಯ ರಾಜೀವನ್ ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಸೊಂಟದ ಸುತ್ತ ಕಿಣಿಕಿಣಿ ಎನ್ನುವ ಕೊಕ್ಕೆಗಳನ್ನು ಧರಿಸಿ ಸರ್ವಾಲಂಕಾರಭೂಷಿತನಾಗಿದ್ದ. ಮರದ ಸುತ್ತ ಪ್ರದಕ್ಷಿಣೆ ಬಂದು, ಕೊಡತಿಯಿಂದ ಕಾಂಡವನ್ನು ತಟ್ಟಿ, ಕಿವಿಗೊಟ್ಟು ಆಲಿಸಿದ. ನನ್ನ ಎದೆಗೂ ಒಮ್ಮೆ ತಟ್ಟಿ ನೋಡಲಿ ಎಂದು ನನಗೆ ಆಸೆಯಾಗದೆ ಇರಲಿಲ್ಲ. ಒಳಗೆ ಮರ ಗಟ್ಟಿಯಾಗಿಯೇ ಉಂಟು, ಆ ಒಂದು ಕೊಂಬೆ ತೆಗೆದರೆ ಸಾಕು ಎಂದ. ಇದನ್ನೆಲ್ಲ ಅವನು ಹೇಳಿದ್ದು ಮಲಯಾಳದಲ್ಲಿ, ನನಗೆ ತಿಳಿದದ್ದು ಸುಮತಿಯ ಅನುವಾದದಲ್ಲಿ. ಸಂಜೆಯ ಧಾರಾವಾಹಿಗಳಿಂದ ಅವಳು ಆ ಭಾಷೆಯಲ್ಲಿ ಅಳುವುದಕ್ಕೂ ಕಲಿತಿದ್ದಾಳೆ. ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುವ ನಾನಾದರೋ ಹುಟ್ಟಿ ಬೆಳೆದದ್ದು ಇಲ್ಲೇ ಆದರೂ ಬಸ್ಸಿನ ಮಲಯಾಳ ಬೋರ್ಡು ಕೂಡಿಸಿ ಓದಿ ಮುಗಿಸುವಾಗ ಬಸ್ಸು ಹೋಗಿರುತ್ತದೆ.

ಅವಳು ಚಾ ಮಾಡಲು ಒಳಗೆ ಹೋದಳು. ಅನರ್ಥವಾದದ್ದು ಆ ಅನುವಾದರಹಿತ ಅವಧಿಯಲ್ಲಿ.

ಹಗ್ಗ ಕಟ್ಟಿದ ಒಣಗೊಂಬೆ ಮರದಿಂದ ಕಳಚಿ ಮಾಡಿನತ್ತ ಒಂದು ಜೋಲಿ ಹೊಡೆಯಿತು. ಅದು ಹಾಗೆ ತೂಗಿಯೇ ಇಳಿಯಬೇಕಾದದ್ದು, ಇಳಿಯಿತು ಕೂಡ. ಆದರೆ ಅಷ್ಟರಲ್ಲಿ ನಾನು “ತಡಿ, ತಡಿ” ಎಂದು ಕೂಗಿಯಾಗಿತ್ತು. ರಾಜೀವನ್ ಯಂತ್ರಗರಗಸವನ್ನು ನಿಲ್ಲಿಸಿ, ಆಶ್ಚರ್ಯದಿಂದ ಕೆಳಗೆ ನೋಡಿ, ಮೇಷ್ಟ್ರಾದ ನನ್ನನ್ನು “ತಡಿಯೋ ಮಾಷೆ?” ಎಂದು ಕೇಳಿದ. ಹೇಳಿದ ಮಾತನ್ನೇ ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ಅವನ ವೃತ್ತಿನಿಷ್ಠೆಗೆ ಮೆಚ್ಚಿ, “ಹೌದು, ತಡಿ” ಎಂದೆ.

ಅವನು ಭುಜ ಕುಣಿಸಿ, ಹಗ್ಗದಲ್ಲಿ ಕವಲಿನವರೆಗೆ ಜಾರಿ, ಗರಗಸವನ್ನು ನೇರ ಕಾಂಡಕ್ಕೇ ಇಟ್ಟ. ನಾನು ಇನ್ನೂ ಜೋರಾಗಿ ತಡಿ ಎಂದೆ. ಅವನು ಹೆಬ್ಬೆರಳೆತ್ತಿ ತೋರಿಸಿದ. ನಾನು ಕೂಗಿದಷ್ಟೂ ಅವನ ಉತ್ಸಾಹ ಏರಿತು. ಹಳದಿ ಹುಡಿ ನನ್ನ ತಲೆಯ ಮೇಲೆ ಮಂತ್ರಾಕ್ಷತೆಯಂತೆ ಸುರಿಯಿತು. ಸುಮತಿ ಚಾ ಸೋಸುವ ಜಾಲರಿ ಹಿಡಿದೇ ಓಡಿಬಂದು “ನಿಕ್ಕ್” ಎಂದಳು. ಒಂದೇ ಸಲ ಹೇಳಿದ್ದು. ಗರಗಸ ನಿಂತಿತು.

“ತಡಿ ತಡೀಂದ್ ಮಾಷಲ್ಲೇ ಪರಞ್ಞದ್,” ಎಂದು ರಾಜೀವನ್ ಮೇಲಿನಿಂದಲೇ ನೊಂದುಕೊಂಡ. ತಡಿ ತಡಿ ಎಂದು ಹೇಳಿದ್ದು ನಾನೇ ಹೌದಲ್ಲವೇ.

ಸುಮತಿ ನನ್ನ ಕಡೆ ತಿರುಗಿದಳು. “ಮಲಯಾಳದಲ್ಲಿ ತಡಿ ಅಂದರೆ ಮರದ ದಿಮ್ಮಿ. ನಿಮಗೆ ದಿಮ್ಮಿಯೇ ಬೇಕು ಅಂತ ಅವರು ತಿಳಿದದ್ದು. ಮೈಯ ಬೊಜ್ಜಿಗೂ ಅದೇ ಶಬ್ದ. ಅದು ನಿಮಗೆ ಹೇಗೂ ಉಂಟಲ್ಲ.”

ತಡಿ ಎಂದರೆ ತಾಳು, ತಡಿ ಎಂದರೆ ನದಿಯ ದಡ, ತಡಿ ಎಂದರೆ ಕುದುರೆಯ ಜೀನು ಎಂದು ನಾನಾರ್ಥಗಳನ್ನು ಬಾಯಿಪಾಠ ಮಾಡಿಸುವ ನಾನು ಬೇಲಿಯಾಚೆಯ ಒಂದು ಅರ್ಥವನ್ನು ತಿಳಿಯದೆ ಮರದ ಕೊರಳಿಗೆ ಗರಗಸ ಇಡಿಸಿದ್ದೆ. ಗಾಯ ಒಂದು ಬೆರಳಿನಷ್ಟು ಆಳವಾಗಿತ್ತು. ಟಾರು ಬಳಿಯಲೇ, ಸೆಗಣಿ ಮೆತ್ತಲೇ, ಅರಸಿನ ಹಚ್ಚಲೇ ಎಂದು ಕೇಳಿದೆ. ಎಂತದೂ ಬೇಡ, ಮರ ಅದರಷ್ಟಕ್ಕೇ ಮುಚ್ಚಿಕೊಳ್ಳುತ್ತದೆ, ನೀವು ಸುಮ್ಮನಿದ್ದರೆ ಸಾಕು ಎಂದು ವೈದ್ಯ ಜೀಪು ಹತ್ತಿದ. ಸುಮ್ಮನಿರುವುದಕ್ಕಿಂತ ಕಹಿಯಾದ ಕಷಾಯವನ್ನು ನನಗೆ ಈವರೆಗೆ ಯಾರೂ ಬರೆದುಕೊಟ್ಟಿರಲಿಲ್ಲ. ಭರಣಿ ಅಟ್ಟಕ್ಕೇರಿತು.

ಆ ಮಳೆಗಾಲವೆಲ್ಲ ನಾನು ಸಪ್ಪೆ ಗಂಜಿ ಉಂಡೆ, ದಿನಾ ಬೆಳಿಗ್ಗೆ ಕೊಡೆ ಹಿಡಿದು ಮರದ ಕುಶಲ ವಿಚಾರಿಸಿದೆ. ಗಾಯದ ಅಂಚಿನ ತೊಗಟೆ ಉಬ್ಬಿ, ಮುನಿದ ಮಗುವಿನ ತುಟಿಯಂತೆ ನಿಧಾನವಾಗಿ ಒಳಮುಖವಾಯಿತು. ಎಲೆ ಅಲುಗಿದರೂ ದಿಮ್ಮಿಯೇ ಬಿತ್ತೆಂದು ಹೆದರುತ್ತಿದ್ದ ನಾನು ಇಷ್ಟು ವರ್ಷ ಈ ಮರದ ಮುಂದೆ ಮಲಯಾಳದ ತಡಿಯನ್ನೇ ಜಪಿಸಿದವನು. ಮರಕ್ಕೆ ಮಾತ್ರ ಕನ್ನಡದ ತಡಿ, ತಾಳುವುದು, ಗೊತ್ತಿತ್ತು. ಮರುವರ್ಷ ಮರ ಎಂದಿನಂತೆ ಮಿಡಿ ಬಿಟ್ಟಿತು. ಒಂದು ಮಧ್ಯಾಹ್ನ ನನ್ನ ಊಟದ ಬಟ್ಟಲಿನ ಅಂಚಿನಲ್ಲಿ ಅಟ್ಟದ ಭರಣಿಯ ಒಂದು ಹಳೆಯ ಉಪ್ಪುಮಿಡಿ ಬಂದು ಕುಳಿತಿತು.

ನಿನ್ನೆ ಸಂಜೆ ಚಾ ಕುಡಿಯುತ್ತಿದ್ದಾಗ ಹಂಚಿನ ಮೇಲೆ ಮತ್ತೆ ‘ಟಪ್’. ನಾನು ಅಭ್ಯಾಸಬಲದಿಂದ ಅರ್ಧ ಎದ್ದೆ. ಒಳಗಿನಿಂದ ಸುಮತಿ, “ತಡಿ,” ಎಂದಳು. ‘ತಡೀರಿ’ ಎನ್ನಬೇಕಾದಲ್ಲಿ ಬಹುವಚನ ಬಿಟ್ಟದ್ದರಿಂದ ಅದು ಕನ್ನಡದ ಕ್ರಿಯಾಪದವೋ, ಮಲಯಾಳದ ನಾಮಪದವೋ ನಿರ್ಣಯವಾಗಲಿಲ್ಲ. ಎರಡೂ ಸರಿಯೇ ಎಂದುಕೊಂಡು, ಹೊಟ್ಟೆ ಸವರಿಕೊಳ್ಳುತ್ತ, ಮತ್ತೆ ಕುಳಿತೆ. ಚಾ ಇನ್ನೂ ಬಿಸಿಯಿತ್ತು.