ಶರಣಪ್ಪನ ಹೆಬ್ಬೆರಳು

ಹೆದರಿಕೆಯಾದಾಗ ಶರಣಪ್ಪ ತನ್ನ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಅವನ ಕೆಲಸವೂ ಅಂಥದ್ದೇ. ಗುಳಿಗೆಯ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿ ಒಡೆದದ್ದನ್ನು ಹಿಡಿಯಬೇಕು. "ಕಣ್ಣ ಮೋಸ ಮಾಡ್ತಾವ ಅಣ್ಣಾ, ಹೆಬ್ಬಟ್ಟ ಮಾಡಂಗಿಲ್ಲ" ಎನ್ನುತ್ತಿದ್ದ. ಕ್ಯಾಂಟೀನಿನಲ್ಲಿ ಭಜಿಯನ್ನೂ ಒತ್ತಿ ನೋಡಿಯೇ ಬಾಯಿಗಿಡುವವನು. "ಲೇ, ಅದು ಭಜಿ ಅದ, ಪಾಸ್ ಮಾಡು!" ಎಂದು ನಾವೆಲ್ಲ ನಗುತ್ತಿದ್ದೆವು. ನಾನು ಅವನ ಪಾಳಿಯ ಮೇಲ್ವಿಚಾರಕ, ವಯಸ್ಸಿನಲ್ಲೂ ದೊಡ್ಡವನು.

ಒಂದು ವರ್ಷ ಅವನ ಭಜಿ ತಟ್ಟೆಯಲ್ಲೇ ಉಳಿಯತೊಡಗಿತು. ಯಂತ್ರ ಶುರುವಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಾರ್ಖಾನೆಯ ಗೇಟಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತಿದ್ದ. ಒಂದು ಮಧ್ಯಾಹ್ನ ಮಾಣಿಕನಗರದ ಚಹಾದಂಗಡಿಗೆ ನನ್ನನ್ನು ಕರೆದೊಯ್ದು ಜೇಬಿನಿಂದ ಚೀಟಿ ತೆಗೆದ.

"ಅಣ್ಣಾ, ಮನಸಿನ ಡಾಕ್ಟರ್ ಬರದು ಕೊಟ್ಟಾರ. ಎದಿ ಮ್ಯಾಲ ಏನೋ ಕುಂತದ, ಏಳಾಕ ಬಿಡವಲ್ದು. ಗುಳಿಗಿ ತಗೊಳ್ಳೋದೋ ಬ್ಯಾಡೋ? ನೀ ಹೇಳಿದಂಗ ಮಾಡ್ತೀನಿ."

"ಗುಳಿಗಿ ಕಾರ್ಖಾನ್ಯಾಗ ಇದ್ದೋರು ನಾವು, ಅದರ ಹಕೀಕತ್ ನಮಗ ಗೊತ್ತಿಲ್ಲೇನು? ಒಮ್ಮೆ ಹತ್ತಿದ್ರ ಬಿಡಂಗಿಲ್ಲ. ಮಂದಿ ಹುಚ್ಚ ಅಂತಾರ. ಧೈರ್ಯ ಹಿಡಿ."

ನನಗೇನೂ ಗೊತ್ತಿರಲಿಲ್ಲ. ನಾವು ಪೊಟ್ಟಣ ಕಟ್ಟುವವರು, ಒಳಗಿನದನ್ನು ಓದಿದವರಲ್ಲ. ಆದರೂ ಕಾರ್ಖಾನೆಯಲ್ಲಿ ಎಲ್ಲರದೂ ಅದೇ ಜಂಬ. ಇನ್ನೊಂದು ಮಾತಿದೆ, ಈ ವಯಸ್ಸಿನಲ್ಲಿ ಮುಚ್ಚಿಡಲಾರೆ. ಅವನು ಕಾಯಿಲೆಯವನೆಂದು ರಜೆ ಹಾಕಿದರೆ ನನ್ನ ಪಾಳಿಗೆ ಅಂಥ ಹೆಬ್ಬೆರಳು ಮತ್ತೆ ಸಿಗುತ್ತಿರಲಿಲ್ಲ.

ಶರಣಪ್ಪ ಚೀಟಿಯನ್ನು ಮಡಚಿ, ಚಹಾದ ಬಸಿಯ ಕೆಳಗೆ ಬಿಟ್ಟು ಎದ್ದ. ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಗೇಟಿನಿಂದ ಹಿಂದಿರುಗಿದವನು ಕೆಲಸಕ್ಕೆ ಮತ್ತೆ ಬರಲಿಲ್ಲ. ತನ್ನೂರು ಮಂಠಾಳದಲ್ಲಿ ಮನೆ ಹಿಡಿದು ಕುಳಿತ.

ಹನ್ನೊಂದು ವರ್ಷ ನಾನು ಅತ್ತ ತಲೆಹಾಕಲಿಲ್ಲ. ನಿವೃತ್ತನಾಗಿ ಬಸವಕಲ್ಯಾಣಕ್ಕೆ ಬಂದ ಮೇಲೆ ಅವನಿಗಿದ್ದ ಕಾಯಿಲೆ ನನಗೇ ಬಂತು. ಕಣ್ಣು ಬಿಟ್ಟರೆ ಕಾರಣವಿಲ್ಲದ ಹೆದರಿಕೆ, ಅನ್ನ ಮಣ್ಣಿನಂತೆ. ವೈದ್ಯರು ಗುಳಿಗೆ ಬರೆದರು. ಕೊಂಡು ತಂದರೂ ನುಂಗಲಾಗಲಿಲ್ಲ, ಅಂದು ನಾನಾಡಿದ ಮಾತೇ ಗಂಟಲಿಗೆ ಅಡ್ಡ ನಿಂತಿತು. ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಮಂಠಾಳಕ್ಕೆ ಹೋದೆ.

ಶರಣಪ್ಪ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಗುರುತು ಹಿಡಿದ, ನಗಲಿಲ್ಲ. ತಪ್ಪಾಯಿತೆಂದೆ. ಅವನ ಹೆಬ್ಬೆರಳು ನನ್ನ ಪಾಳಿಗೆ ಬೇಕಿತ್ತೆಂಬುದನ್ನೂ ಹೇಳಿದೆ. ಆಮೇಲೆ ಪಟ್ಟಿ ತೋರಿಸಿದೆ.

"ಶರಣಪ್ಪ, ಈ ಗುಳಿಗಿ ತಿನ್ಲೋ ಬ್ಯಾಡೋ?"

"ನಂಗ್ಯಾಕ ಕೇಳ್ತಿ ಅಣ್ಣಾ? ಅವತ್ತ ನಾನೂ ನಿಂಗ ಕೇಳಬಾರದಿತ್ತು. ಬರದವರಿಗಿ ಕೇಳಬೇಕಿತ್ತು."

ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದ.

"ಒಂದೂ ಒಡದಿಲ್ಲ. ತಿನ್ನು."

"ನೀನೂ ಬಾರೋ. ಸೋಮವಾರ ಬಸವಕಲ್ಯಾಣ ಸ್ಟ್ಯಾಂಡಿನಾಗ ನಿಂತಿರ್ತೀನಿ. ಡಾಕ್ಟರ್ ಕಡಿ ಕೂಡೇ ಹೋಗೋಣು."

ಅವನು ಅಂಗಿಯ ಮೇಲ್ತುದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ, ಆಮೇಲೆ ಅದರ ಕೆಳಗಿನದನ್ನು.

ಸೋಮವಾರ ಮಂಠಾಳದ ಕಡೆಯಿಂದ ಮೂರು ಬಸ್ಸು ಬಂದವು. ಶರಣಪ್ಪ ಇಳಿಯಲಿಲ್ಲ. ನಾನು ಗುಳಿಗೆ ನುಂಗುತ್ತಿದ್ದೇನೆ. ಅನ್ನ ಸ್ವಲ್ಪ ರುಚಿಸುತ್ತದೆ. ಪ್ರತಿ ತಿಂಗಳು ವೈದ್ಯರಲ್ಲಿಗೆ ಹೋಗುವ ಮುನ್ನ ಸ್ಟ್ಯಾಂಡಿನಲ್ಲಿ ನಿಲ್ಲುತ್ತೇನೆ, ಮಂಠಾಳದ ಬಸ್ಸಿನಿಂದ ಕೊನೆಯವನು ಇಳಿಯುವ ತನಕ.